ಗಾಜಿಗೆ ಬಾರದ ನೀರು

ಗುರಪ್ಪ ಗುಂಡಿಯನ್ನು ಇನ್ನೊಮ್ಮೆ ಒತ್ತಿದ. ಬಾನೆಟ್ಟಿನ ಒಳಗೆ ಎಲ್ಲೋ ಕೊಕ್ ಎಂದು ಸದ್ದಾಯಿತು, ನೀರು ಮಾತ್ರ ಬರಲಿಲ್ಲ. ಎದುರಿನಿಂದ ಜನ ತುಂಬಿಕೊಂಡು ಬಂದ ಸರ್ವಿಸ್ ಮೋಟಾರು ಮುಂದಿನ ಗಾಜಿನ ತುಂಬ ಎರೆಮಣ್ಣಿನ ರಾಡಿ ಎರಚಿ ಹೋಗಿತ್ತು. ಒರೆಸುವ ಕಡ್ಡಿ ಅತ್ತಿಂದಿತ್ತ ಆಡಿ, ನೆಲ ಸಾರಿಸಿದ ಹಾಗೆ ಅದನ್ನು ಇನ್ನಷ್ಟು ಹರಡಿತು.

“ಇದು ಹುಟ್ಟಾ ಕೆಟ್ಟದ್ದರಿ ಸಾವಕಾರ,” ಎಂದು ಗುರಪ್ಪ ಗಾಡಿ ನಿಲ್ಲಿಸಿ, ಸೀಟಿನ ಕೆಳಗಿನಿಂದ ಅರಿವೆ ಎಳೆದುಕೊಂಡು ಇಳಿದ. “ಅಮೆರಿಕಾದವರಿಗೆ ಮಾಡಾಕ ಕೆಲಸಿಲ್ಲ. ಗಾಜಿಗೆ ಜಳಕಾ ಮಾಡಸೂ ಯಂತ್ರ! ನಮ್ಮ ಅರವಿ ಏನ ಪಾಪಾ ಮಾಡಿತ್ತು?”

“ಬಾಯಿ ಸಾಕು. ಲಗೂ ಒರಸು,” ಎಂದ ನೇಮಿನಾಥ ಹಿಂದಿನ ಸೀಟಿನಿಂದ. “ಮಣ್ಣಾದ ಮ್ಯಾಲೆ ಹೋಗಿ ಯಾರ ಮುಖಾ ನೋಡೂದು?”

ಹಸ್ತ ಮಳೆ ನಸುಕಿನಲ್ಲಿ ಹೊಡೆದು ಈಗ ನಿಂತಿತ್ತು. ಜಮಖಂಡಿ ಹಿಂದೆ ಬಿದ್ದಿತ್ತು, ಬೀಳಗಿ ಇನ್ನೂ ಬಂದಿರಲಿಲ್ಲ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಸಂಸ್ಥಾನ ಇನ್ನೂ ಸಂಸ್ಥಾನವಾಗಿಯೇ ಇತ್ತು, ಈ ರಸ್ತೆ ಮಾತ್ರ ಯಾರಿಗೂ ಸೇರಿದ್ದಲ್ಲ ಎನ್ನುವ ಹಾಗೆ ಕೆಸರಿನಲ್ಲಿ ಬಿದ್ದುಕೊಂಡಿತ್ತು.

ನೇಮಿನಾಥ ಬನಹಟ್ಟಿಯ ನೂಲಿನ ವ್ಯಾಪಾರಿ. ಪಕ್ಕದಲ್ಲಿ ಕೂತಿದ್ದವಳು ಅವನ ತಾಯಿ ಅಕ್ಕಮ್ಮ. ಇಬ್ಬರೂ ಅನಗವಾಡಿಗೆ ಹೊರಟಿದ್ದು ಹುಲೆಪ್ಪನ ಮಣ್ಣಿಗೆ. ಹುಲೆಪ್ಪ ಇದೇ ಗಾಡಿಯ ಹಳೆಯ ಡ್ರೈವರ. ನೇಮಿನಾಥನ ತಂದೆ ಕುದುರೆಗಾಡಿ ಇಟ್ಟಿದ್ದ ಕಾಲಕ್ಕೆ ಲಗಾಮು ಹಿಡಿಯಲು ಬಂದವನು, ಕುದುರೆ ಹೋಗಿ ಮೋಟಾರು ಬಂದಾಗ ಅದನ್ನೂ ಕಲಿತ. ಹೋದ ವರ್ಷ ಮಳೆಗಾಲದಲ್ಲಿ ನೇಮಿನಾಥ ಅವನನ್ನು ಕೆಲಸದಿಂದ ಬಿಡಿಸಿದ್ದ. ಅವನು ಜ್ವರ ಬಂದು ಹೋಗಿಬಿಟ್ಟ ಎಂದು ಈ ಬೆಳಿಗ್ಗೆ ಸರ್ವಿಸ್ ಮೋಟಾರಿನವರು ಅಂಗಡಿಯ ಮುಂದೆ ನಿಂತು ಹೇಳಿ ಹೋದರು. ಮನೆಯವರು ಯಾರೂ ಹೇಳಿ ಕಳಿಸಿರಲಿಲ್ಲ. ಮುಧೋಳಕ್ಕೆ ಕೊಟ್ಟ ಮಗಳು ಬಂದ ಕೂಡಲೇ ಮಣ್ಣು ಮಾಡುತ್ತಾರಂತೆ.

ಬಿಡಿಸಿದ್ದು ಸರಿ, ಹೊಡೆದದ್ದು ತಪ್ಪು. ನೇಮಿನಾಥ ವರ್ಷದಿಂದ ತನ್ನಷ್ಟಕ್ಕೆ ಹೀಗೆ ತೀರ್ಮಾನ ಮಾಡಿಕೊಂಡಿದ್ದ. ಮುಖದ ಮೇಲೆ ಮಣ್ಣು ಬೀಳುವುದರೊಳಗೆ ಒಮ್ಮೆ ಎದುರು ನಿಂತು, ಹೊಡೆದದ್ದು ತಪ್ಪಾಯಿತು ಎನ್ನಬೇಕು. ಸತ್ತವನಿಗೆ ಕೇಳುವುದಿಲ್ಲ, ನಿಜ. ಆದರೂ ಮುಖ ಕಾಣುತ್ತಿರುವಾಗ ಹೇಳುವುದೇ ಬೇರೆ, ಮಣ್ಣಿಗೆ ಹೇಳುವುದೇ ಬೇರೆ.

“ಕ್ಷಮಾವಳಿ ದಿನಾ ಅವನ ಕಡೆ ಹೋಗಿದ್ದೇನು?” ಎಂದು ಅಕ್ಕಮ್ಮ ಕೇಳಿದಳು.

ಜೈನರ ಪರ್ವ ಮುಗಿದ ಮೇಲೆ, ತಿಳಿದೂ ತಿಳಿಯದೆಯೂ ಮಾಡಿದ ತಪ್ಪಿಗೆ ಮನೆಮನೆಗೆ ಹೋಗಿ ಕೈಮುಗಿದು ಕ್ಷಮೆ ಕೇಳುವ ದಿನ ಅದು. ಈ ವರ್ಷದ್ದು ಮೊನ್ನೆ ಮೊನ್ನೆ ಆಗಿತ್ತು. ನೇಮಿನಾಥ ತೇರದಾಳದವರೆಗೂ ಹೋಗಿ ಬಂದಿದ್ದ. ಮಾತು ಬಿಟ್ಟಿದ್ದ ದಾಯಾದಿಯ ಬಾಗಿಲಿಗೂ ಹೋಗಿದ್ದ.

“ಇಲ್ಲ. ಅನಗವಾಡಿ ದೂರ ಆಗತೈತಿ ಅಂತ…”

“ಗಾಡಿ ಇತ್ತಲ್ಲ,” ಎಂದಳು ಅಕ್ಕಮ್ಮ.

ಗುರಪ್ಪ ಒರೆಸಿ ಬಂದು ಕೂತ. ಗಾಜಿನ ಮೇಲೆ ಅವನ ಅರಿವೆಯ ಗೆರೆಗಳು ಉಳಿದಿದ್ದವು. ಗಾಡಿ ಹೊರಟಿತು.

*

ಹೋದ ವರ್ಷ ಆ ಬೆಳಿಗ್ಗೆ ಬಾಳಾಸಾಹೇಬ ಎನ್ನುವ ಸೊಲ್ಲಾಪುರದ ದಲ್ಲಾಳಿ ಮನೆಗೆ ಬಂದು ಉಳಿದಿದ್ದ. ಅವನನ್ನು ಕುಡಚಿ ಸ್ಟೇಶನ್ನಿಗೆ ಬಿಡಬೇಕಿತ್ತು. ಅವಲಕ್ಕಿ ತಿನ್ನುತ್ತ, ನೂಲಿನ ಮಾತಾಡುತ್ತ ಹೊತ್ತಾಗಿಬಿಟ್ಟಿತು. ನೇಮಿನಾಥ ಅತಿಥಿಯನ್ನು ಹಿಂದೆ ಕೂಡಿಸಿ, ತಾನೂ ಕೂತು, ಬಾಗಿಲು ಎಳೆದುಕೊಂಡ.

“ಒಂದೀಟು ತಡೀರಿ ಸಾವಕಾರ. ಬಾನೆಟ್ ತಗದು ನೋಡಿಬಿಡತೀನಿ,” ಎಂದ ಹುಲೆಪ್ಪ.

“ಏನ್ ನೋಡೂದೈತಿ? ರೈಲು ನಿನ್ನ ದಾರಿ ಕಾಯತೈತೇನು?”

“ಗಾಜಿನ ನೀರಿಂದು ಒಂದ…”

“ನಡೀಲೇ!”

ಹುಲೆಪ್ಪ ಹೊಸ್ತಿಲ ಕಡೆ ಒಮ್ಮೆ ನೋಡಿದ. ಅಲ್ಲಿ ಅಕ್ಕಮ್ಮ ನಿಂತಿದ್ದಳು. ಅವನು ಏನೋ ಹೇಳಲು ಹೊರಟವನು ಹೇಳದೆ ಗಾಡಿ ಹತ್ತಿದ.

ರಾತ್ರಿ ಮಳೆಯಾಗಿ ಬೆಳಿಗ್ಗೆ ಬಿಸಿಲು ಬಿದ್ದಿತ್ತು. ಅಂಥ ಬೆಳಗಿಗೆ ಕಾದಿದ್ದ ನೇಕಾರರು ಓಣಿಯ ಉದ್ದಕ್ಕೂ ಹಾಸು ಹಾಕಿದ್ದರು. ಸೀರೆಯ ಉದ್ದನೆಯ ಎಳೆಗಳನ್ನೆಲ್ಲ ಓಣಿಯ ಆ ತುದಿಯಿಂದ ಈ ತುದಿಗೆ ಕಟ್ಟಿಗೆಗಳ ಮೇಲೆ ಎಳೆದು ಕಟ್ಟಿ, ಎರಡೂ ಬದಿಗೆ ನಿಂತು ಗಂಜಿ ಸವರಿ ಕುಂಚದಿಂದ ಬಾಚುತ್ತಿದ್ದರು. ಅದು ಚನಮಲ್ಲಪ್ಪನ ಹಾಸು. ಕೆಂಪು ನೂಲು. ಮೋಟಾರು ಹೋಗಲು ಒಂದು ಪಕ್ಕದಲ್ಲಿ ಜಾಗ ಬಿಟ್ಟಿದ್ದರು. ಹುಲೆಪ್ಪ ದಿನವೂ ಆ ಜಾಗದಲ್ಲಿ ದಾರಕ್ಕೆ ಗಾಳಿ ಕೂಡ ತಾಗದಂತೆ ಗಾಡಿ ಒಯ್ಯುತ್ತಿದ್ದ.

ಆ ದಿನ ಓಣಿಯ ತಿರುವಿನಲ್ಲಿ ಕೆಸರಿನಿಂದ ಎದ್ದ ಎಮ್ಮೆಯೊಂದು ಗಾಡಿಯ ಎದುರೇ ಮೈ ಕೊಡವಿತು. ಗಾಜೆಲ್ಲ ಕೆಸರಾಯಿತು. ಅದರ ಮೇಲೆ ಎದುರು ಬಿಸಿಲು. ಹುಲೆಪ್ಪ ಗುಂಡಿ ಒತ್ತಿದ. ನೀರು ಬರಲಿಲ್ಲ. ಮತ್ತೆ ಒತ್ತಿದ. ಬ್ರೇಕು ತುಳಿದ. ಹಸಿ ನೆಲದ ಮೇಲೆ ಗಾಡಿ ಜಾರಿ, ಹಾಸಿನ ನಡುವೆಯೇ ನುಗ್ಗಿತು.

ಟಪಟಪನೆ ಎಳೆಗಳು ಹರಿದ ಸದ್ದು. ಯಾರೋ ಗಂಜಿಯ ಗಡಿಗೆ ಬೀಳಿಸಿದರು. ಓಣಿಯ ಜನರೆಲ್ಲ ಹೊರಬಂದರು. ಬಾಳಾಸಾಹೇಬ ಒಳಗೆ ಕೂತೇ, “ಕಾಯ್ ಝಾಲಂ, ಕಾಯ್ ಝಾಲಂ?” ಎಂದು ಮರಾಠಿಯಲ್ಲಿ, ಏನಾಯಿತೆಂದು ಕೇಳುತ್ತಿದ್ದ. ನೇಮಿನಾಥನಿಗೆ ನೂಲು ಕೊಂಡವರು, ನೂಲು ಕೊಳ್ಳುವವರು, ಎಲ್ಲರೂ ಅವನನ್ನೇ ನೋಡುತ್ತಿದ್ದರು. ಅವನು ಇಳಿದ.

“ಅವ್ವ ಕೊಟ್ಟ ನೀರು ಚೆಲ್ಲಿ, ಗಟಾರದ ನೀರು ತುಂಬಿ ಯಂತ್ರಾ ಕೆಡಿಸೀಯಲ್ಲಲೇ!” ಎಂದು ಹುಲೆಪ್ಪನ ಕೆನ್ನೆಗೆ ಹೊಡೆದ.

ಬೀದಿಗೆ ಕೇಳುವ ಹಾಗೆ ಸದ್ದಾಯಿತು. ಹುಲೆಪ್ಪ ನೇಮಿನಾಥನಿಗಿಂತ ದೊಡ್ಡವನು. ಸಣ್ಣವನಿದ್ದಾಗ ಇವನನ್ನು ಕುದುರೆಯ ಮೇಲೆ ಕೂಡಿಸಿ ಓಡಾಡಿಸಿದವನು.

“ಇರಲಿ ಬಿಡ್ರಿ ಸಾವಕಾರ,” ಎಂದವನು ಚನಮಲ್ಲಪ್ಪ. ಹಾಸು ಹಾಳಾದದ್ದು ಅವನದು. “ನೂಲು ಮತ್ತ ಹಾಸಬಹುದು. ಹಿರ್ಯಾ ಮನಷ್ಯಾರ ಮ್ಯಾಲೆ ಕೈ ಮಾಡಬ್ಯಾಡ್ರಿ.”

ಆ ಮಾತು ನೇಮಿನಾಥನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. “ಇವತ್ತಿನಿಂದ ನನ್ನ ಗಾಡಿ ಮುಟ್ಟಬ್ಯಾಡ,” ಎಂದ.

ಹುಲೆಪ್ಪ ಮಂಡಿಯೂರಿ ಕೂತು, ಗಾಲಿಯ ಅಚ್ಚಿಗೆ ಸುತ್ತಿಕೊಂಡಿದ್ದ ಕೆಂಪು ಎಳೆಗಳನ್ನು ಒಂದೊಂದಾಗಿ ಬಿಡಿಸಿ ಚನಮಲ್ಲಪ್ಪನ ಕೈಗೆ ಕೊಟ್ಟ. ಆಮೇಲೆ ಎದ್ದು, ಜನ ಬಿಟ್ಟ ದಾರಿಯಲ್ಲಿ ನಡೆದುಹೋದ.

*

ಬೀಳಗಿಗೆ ಮುಂಚೆ ಒಂದು ಹಳ್ಳ. ಅದನ್ನು ದಾಟುವಾಗ ಮತ್ತೆ ಗಾಜು ಕುರುಡಾಯಿತು. ಗುರಪ್ಪನ ಅರಿವೆ ಅಷ್ಟು ಹೊತ್ತಿಗೆ ಗಾಜಿಗಿಂತ ಕೊಳೆಯಾಗಿತ್ತು. ಅವನು ತಲೆ ಹೊರಗೆ ಹಾಕಿ ಓಡಿಸಲು ಹೋಗಿ, ಗಾಡಿಯನ್ನು ಹೊಲದ ಬದುವಿಗೆ ಹಚ್ಚಿದ.

“ಹಿಂಗಾದರ ನಮ್ಮ ಮಣ್ಣಿಗೆ ಮಂದಿ ಬರಬೇಕಾಗತೈತಿ,” ಎಂದು ನೇಮಿನಾಥ ಇಳಿದ. “ಬಾನೆಟ್ ತೆಗಿ. ಆ ನೀರಿಂದು ಏನಾಗೈತಿ ನೋಡೇ ಬಿಡೂಣು.”

ಇದ್ದದ್ದು ಸಣ್ಣ ಸಲಕರಣೆ. ಇಂಜಿನ್ನಿನ ಪಕ್ಕದಲ್ಲಿ ಒಂದು ಗಾಜಿನ ಭರಣಿ, ಅದರಿಂದ ಎದ್ದ ರಬ್ಬರಿನ ನಳಿಗೆ, ನಡುವೆ ನೀರನ್ನು ಎಳೆದು ತಳ್ಳುವ ಒಂದು ಡಬ್ಬಿ, ಕೊನೆಗೆ ಗಾಜಿನ ಬುಡದಲ್ಲಿ ಹಿತ್ತಾಳೆಯ ಮೂತಿ.

“ಭರಣಿ ತುಂಬೈತ್ರಿ,” ಎಂದ ಗುರಪ್ಪ. “ಅವ್ವಾರು ಮುಂಜಾನೆ ತುಂಬ್ಯಾರ. ಮುಚ್ಚಳದಾಗ ಗಾಳಿ ತೂತೂ ತೆರದೈತಿ.”

“ನಳಿಗಿ?”

“ಎಲ್ಲೂ ಸೀಳಿಲ್ಲ, ಮುರದಿಲ್ಲ.”

“ಮೂತಿಯಿಂದ ನಳಿಗಿ ಬಿಚ್ಚು. ಬಿಚ್ಚಿ, ಗುಂಡಿ ಒತ್ತು.”

ಗುರಪ್ಪ ಬಿಚ್ಚಿ ಬಂದು ಒತ್ತಿದ. ನಳಿಗೆಯಿಂದ ನೀರು ಚಿಮ್ಮಿ ಬಿಸಿ ಇಂಜಿನ್ನಿನ ಮೇಲೆ ಬಿದ್ದು ಹೊಗೆಯೆದ್ದಿತು.

“ಎಲೆಲೇ, ಜೀವಂತ ಐತಲ್ರೀ ಇದು!” ಗುರಪ್ಪ ನಕ್ಕ. “ವರ್ಷಾತು ನಾ ಇದನ್ನ ಸತ್ತೈತಿ ಅಂತ ಬಿಟ್ಟಿದ್ದೆ. ಹಂಗಾರ ಮೂತಿ ಒಂದಽ ಮುಚ್ಚೈತಿ. ತಡೀರಿ, ಊದತೀನಿ.”

“ನಿನ್ನ ತಂಬಾಕದ ಬಾಯಿ ಹಚ್ಚಬ್ಯಾಡ. ನಮ್ಮ ಅವ್ವನ ನೀರು ಅದು.”

ನೇಮಿನಾಥ ತಾನೇ ಬಗ್ಗಿದ. ಮೂತಿಯ ಹಿಂದಿನ ತುದಿಗೆ ಬಾಯಿ ಹಚ್ಚಿ ಊದಿದ. ಗಾಳಿ ಹೋಗಲಿಲ್ಲ. ಜೋರಾಗಿ ಹೀರಿದ. ಏನೋ ಸಡಿಲಾಗಿ ನಾಲಿಗೆಗೆ ಬಂತು. ಮರಳಿನಂಥ ಹರಳು. ಮರುಕ್ಷಣ ಬಾಯೆಲ್ಲ ಚುರ್ ಎಂದು ಖಾರವಾಯಿತು. ಅಂಗೈಗೆ ಉಗುಳಿ ನೋಡಿದ. ಕಂದು ಬಣ್ಣದ ಸಣ್ಣ ಸಣ್ಣ ಚೂರು. ಮೂಗಿಗೆ ಹಿಡಿಯಬೇಕಾಗಿಯೇ ಇರಲಿಲ್ಲ.

“ಏನ್ ಸಿಕ್ತಪಾ?” ಅಕ್ಕಮ್ಮ ಗಾಡಿಯಿಂದಲೇ ಕೇಳಿದಳು.

ಅವನು ಹೋಗಿ ಅಂಗೈ ತೋರಿಸಿದ.

“ಲವಂಗ,” ಎಂದಳು ಅಕ್ಕಮ್ಮ, ಅದರಲ್ಲಿ ವಿಶೇಷವೇನೂ ಇಲ್ಲದ ಹಾಗೆ. “ನಾನಽ ದಿನಾ ಹಾಕತೀನಿ. ಗಾಳಿಸಿದ ನೀರಾದರೂ ತಾಸೊತ್ತಿಗೆ ಅದರಾಗ ಮತ್ತ ಜೀವ ಹುಟ್ಟತಾವು. ಲವಂಗದ ಪುಡಿ ಬಿದ್ದರ ಮಧ್ಯಾಹ್ನದ ಮಟಾ ನಡೀತೈತಿ. ನೀರು ಅಂದ ಮ್ಯಾಲೆ ಕುಡದರೇನು, ಗಾಜಿಗೆ ಹೊಡದರೇನು? ಜೀವಾ ಜೀವಾನಽ ಅಲ್ಲೇನು?”

ಹೇಳುತ್ತ ಹೇಳುತ್ತ ಅವಳ ಮಾತು ನಿಧಾನವಾಯಿತು. ಮಗನ ಅಂಗೈಯನ್ನು ಇನ್ನೊಮ್ಮೆ ನೋಡಿದಳು.

“ಇದರಿಂದ ಮುಚ್ಚತೈತೇನು?”

ನೇಮಿನಾಥ ಅಂಗೈ ಮುಚ್ಚಿಕೊಂಡ.

ಗುರಪ್ಪ ಅಷ್ಟರಲ್ಲಿ ತನ್ನ ಸೀಟಿನ ಕೆಳಗೆ ತಡಕಾಡುತ್ತಿದ್ದ. “ಒಂದ ಸೂಜಿ ಇತ್ತರಿ ಇಲ್ಲಿ. ಆ ಹಳೇ ಡ್ರೈವರಂದು. ಬೆಂಡಿಗೆ ಚುಚ್ಚಿ ಇಟ್ಟಿದ್ದ. ಅಂಗಿ ಹೊಲಕೊಳ್ಳೂ ಸೂಜಿ ಅಂತ ತಿಳದಿದ್ದೆ ನಾ. ಹಾಂ, ಸಿಕ್ತು.” ಬೆಳಕಿಗೆ ಹಿಡಿದು ನೋಡಿದ. ಸೂಜಿಯ ತುದಿಯನ್ನು ಕಲ್ಲಿಗೆ ಉಜ್ಜಿ ಮೊಂಡು ಮಾಡಿದ್ದರು. ಬಟ್ಟೆಗೆ ಅದು ಇಳಿಯುವಂತಿರಲಿಲ್ಲ. ಮೂತಿಯ ತೂತಿಗೆ ಸರಿಯಾಗಿ ಇಳಿಯಿತು.

“ನೋಡ್ರಿ ಇಂವನ!” ಗುರಪ್ಪನಿಗೆ ಮೆಚ್ಚಿಗೆಯಾಯಿತು. “ದಿನಾ ಇದನ್ನಽ ಮಾಡತಿದ್ದಾ. ಆ ನೀರು ಚೆಲ್ಲಿ ಹಳ್ಳದ ನೀರು ತುಂಬಿದ್ದರ ಮುಗೀತಿತ್ತು. ಚೆಲ್ಲಿಲ್ಲ, ಸೂಜಿ ಇಟ್ಟಾನ. ಹುಚ್ಚ!”

ನಳಿಗೆ ಸಿಕ್ಕಿಸಿ ಗುಂಡಿ ಒತ್ತಿದ. ಒಂದು ಎಳೆ ನೀರು ಎದ್ದು ಗಾಜಿಗೆ ಬಡಿಯಿತು. ಬದುವು, ಹೊಲ, ಹಳ್ಳದಾಚೆಯ ಜೋಳ ಎಲ್ಲವೂ ಒಮ್ಮೆಲೇ ಕಂಡವು.

*

ಅಕ್ಕಮ್ಮನ ಮನೆಯ ಬಾವಿಗೆ ಹುಲೆಪ್ಪನ ಜನ ಕೈ ಹಚ್ಚುವಂತಿರಲಿಲ್ಲ. ಹೀಗಾಗಿ ಅವನು ದಿನ ಬೆಳಿಗ್ಗೆ ಭರಣಿ ಬಿಚ್ಚಿ ತಂದು ಹಿತ್ತಲ ಮೆಟ್ಟಿಲ ಮೇಲಿಟ್ಟು ದೂರ ಸರಿಯುತ್ತಿದ್ದ. ಅಕ್ಕಮ್ಮ ಕೊಡದ ಬಾಯಿಗೆ ಎರಡು ಮಡಿಕೆಯ ಅರಿವೆ ಕಟ್ಟಿ ಗಾಳಿಸಿದ ನೀರನ್ನು ಎತ್ತರದಿಂದ ಭರಣಿಗೆ ಬಿಡುತ್ತಿದ್ದಳು. ಅರಿವೆಯಲ್ಲಿ ಉಳಿದದ್ದನ್ನು ಮತ್ತೆ ಬಾವಿಗೇ ಇಳಿಸುತ್ತಿದ್ದಳು, ಅದರಲ್ಲಿರುವ ಜೀವಗಳು ತಮ್ಮ ಮನೆಗೆ ಹೋಗಲಿ ಎಂದು. ಕೊನೆಗೆ ಕುಟ್ಟಿದ ಲವಂಗದ ಪುಡಿ ಒಂದು ಚಿಟಿಕೆ.

ಒಂದು ಸಲ ಹುಲೆಪ್ಪ ದೂರದಿಂದಲೇ ಕೇಳಿದ್ದ. “ಅವ್ವಾರ, ಇಷ್ಟ ಪುಡಿ ಬೇಕಾಗತೈತೇನ್ರಿ?”

“ಯಾಕ? ಜೀವಾ ಉಳಸೂದರಾಗ ಜುಗ್ಗತನಾ ಮಾಡಬೇಕೇನು?”

“ಛೇ, ಇಲ್ರಿ. ಗಾಡಿ ಘಮಾಘಮಾ ಅಂತೈತಿ. ಎತ್ತುಗಳು ಹಾದ್ಯಾಗ ಹೊರಳಿ ನೋಡತಾವು.”

ಅಕ್ಕಮ್ಮ ನಕ್ಕಿದ್ದಳು. ನಕ್ಕು ಇನ್ನೊಂದು ಚಿಟಿಕೆ ಹಾಕಿದ್ದಳು. ಹುಲೆಪ್ಪ ಭರಣಿ ಎತ್ತಿಕೊಂಡು ಗಾಡಿ ನಿಲ್ಲಿಸುವ ತಗಡಿನ ಮರೆಗೆ ಹೋಗುತ್ತಿದ್ದ. ಅಲ್ಲಿ ಅವನು ಬಹಳ ಹೊತ್ತು ಏನು ಮಾಡುತ್ತಾನೆ ಎಂದು ಯಾರೂ ನೋಡಲು ಹೋದವರಲ್ಲ. ಬೀಡಿ ಸೇದುತ್ತಾನೆ ಎಂದುಕೊಂಡಿದ್ದರು.

*

ಅನಗವಾಡಿಯ ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ಗಾಡಿ ಊರ ಹೊರಗೇ ನಿಂತಿತು. ಹೊಳೆಯ ದಂಡೆಯಿಂದ ಮೇಲೆ, ಜಾಲಿಯ ಗಿಡಗಳ ಹತ್ತಿರ ಜನ ಸೇರಿದ್ದರು. ಹಲಗೆ ಬಡಿಯುವ ಸದ್ದು ನಿಂತಿತ್ತು. ಅಂದರೆ ಹೆಣ ಕುಣಿಯ ಹತ್ತಿರ ಬಂದಿತ್ತು.

“ನೀನೂ ಬರತೀ?” ಎಂದು ನೇಮಿನಾಥ ತಾಯಿಯನ್ನು ಕೇಳಿದ. ಗಾಡಿಯಲ್ಲೇ ಕೂತಿರುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದವಳು ಅವಳು.

ಅಕ್ಕಮ್ಮ ಕಾಲು ಕೆಸರಿಗೆ ಇಟ್ಟಾಗಿತ್ತು. “ಲವಂಗದ ಮಾತು ನೀ ಹೇಳತೀಯೋ, ನಾನಽ ಹೇಳಲ್ಯೋ?”

“ನಾ ಹೇಳತೀನಿ.”

ಇವರು ಬರುವುದನ್ನು ಕಂಡು ಹುಲೆಪ್ಪನ ತಮ್ಮ ದಶರಥ ತಲೆಗೆ ಸುತ್ತಿದ ಅರಿವೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಓಡಿ ಬಂದ. “ಸಾವಕಾರ್ರು ಬಂದಾರ, ಹಾದಿ ಬಿಡ್ರಿ! ಅವ್ವಾರೂ ಬಂದಾರ! ಏ, ಹಿಂದಕ್ಕ ಸರೀರಿ, ಅವ್ವಾರಿಗೆ ತಾಕಬ್ಯಾಡ್ರಿ!” ಅಳುತ್ತಿದ್ದ ಮುಖದಲ್ಲೇ ಅವನಿಗೆ ಒಂದು ಹೆಮ್ಮೆ ಬಂದಿತ್ತು. ಬನಹಟ್ಟಿಯ ಸಾವಕಾರ ಮೋಟಾರು ಹಾಕಿಕೊಂಡು ಅಣ್ಣನ ಮಣ್ಣಿಗೆ ಬಂದಿದ್ದ.

ಹೆಣವನ್ನು ಕುಣಿಗೆ ಇಳಿಸಿದ್ದರು. ಮುಖದ ಮೇಲೆ ಬಟ್ಟೆ ಎಳೆದಾಗಿತ್ತು. ಕುಣಿಯ ಅಂಚಿಗೆ ಹುಲೆಪ್ಪನ ಹೆಂಡತಿ ತಾಯವ್ವ ಕೂತಿದ್ದಳು, ಪಕ್ಕದಲ್ಲಿ ಮುಧೋಳದ ಮಗಳು. ಹುಲೆಪ್ಪನ ತಂಗಿ ಕರೆವ್ವ ಮಾತ್ರ ನಿಂತು, ಎದೆ ಬಡಿದುಕೊಂಡು, ಅಣ್ಣನನ್ನು ಬೈಯುತ್ತ ಅಳುತ್ತಿದ್ದಳು.

“ಕಣ್ಣ ಕಾಣೂದಿಲ್ಲಂತ ಹೇಳಿ ಬಂದೆಲ್ಲೋ ಎಣ್ಣಾ! ಹೊಳಿ ಆ ದಂಡಿ ಮ್ಯಾಲಿನ ಕೊಕ್ಕರಿ ಗಂಡೋ ಹೆಣ್ಣೋ ಅಂತ ಹೇಳತಿದ್ದೆಲ್ಲೋ! ಬೀಳಗಿ ಮೋಟಾರಿನಾಂವ ಮನಿಗೆ ಬಂದು ಕರದಾ, ಒಲ್ಲೆ ಅಂದೆಲ್ಲೋ! ಹರಗೋಲ ಹುಟ್ಟು ಹಿಡದು, ಮಳ್ಯಾಗ ತೋಯಿಸಿಕೊಂಡು, ಜ್ವರಾ ತಗೊಂಡೆಲ್ಲೋ!”

“ಸುಮ್ನಿರಬೇ ಕರೆವ್ವಾ, ಸಾವಕಾರ್ರ ಮುಂದ,” ಎಂದು ದಶರಥ ಗದರಿದ. ನೇಮಿನಾಥನ ಕಡೆ ತಿರುಗಿ ಕೈಮುಗಿದ. “ಏನ ಹೇಳೂದ್ರಿ ಸಾವಕಾರ. ಬಂದಾಂವನಽ ನಮ್ಮಣ್ಣ ಎಲ್ಲಾ ಹೇಳಿದಾ. ನನ್ನ ಕಣ್ಣು ಮಂಜಾಗ್ಯಾವ, ನೇಕಾರ್ರ ಹಾಸಿನಾಗ ಗಾಡಿ ಹೊಗಿಸಿದೆ, ಆದರೂ ಸಾವಕಾರ್ರು ಒಂದ ಮಾತ ಆಡಲಿಲ್ಲ, ನಾನಽ ನಾಚಿಗಿಯಾಗಿ ಬಿಟ್ಟ ಬಂದೆ ಅಂದಾ. ಊರ ಮಂದಿ ಮುಂದ ಸಾಯೂತನಕಾ ಹಿಂಗಽ ಅಂದಾ.”

“ದೊಡ್ಡವರ ಮನಸು ದೊಡ್ಡದು,” ಎಂದ ಯಾರೋ ಹಿರಿಯ. “ಕುರುಡನ್ನ ಇಟಗೊಂಡು ಅನ್ನ ಹಾಕಿದ್ರಿ. ಮನಿಯವರದು ಆಗೈತಿ. ಇನ್ನ ಹೊರಗಿನವರಾಗ ಮೊದಲನೇ ಹಿಡಿ ಮಣ್ಣು ನಿಮ್ಮ ಕೈಲೇ ಆಗಲಿ.”

ಜನ ಹೌದು ಹೌದೆಂದು ದಾರಿ ಬಿಟ್ಟರು. ಯಾರೋ ಸಲಿಕೆಯಿಂದ ಒಳ್ಳೆಯ ಮಣ್ಣು ಆರಿಸಿ, ಕಲ್ಲು ತೆಗೆದು ಅವನ ಮುಂದೆ ಹಾಕಿದರು. ನೇಮಿನಾಥ ಬಗ್ಗಿ ಒಂದು ಹಿಡಿ ತೆಗೆದುಕೊಂಡ. ಒಮ್ಮೆ ಹಿಂದೆ ನೋಡಿದ. ಅಕ್ಕಮ್ಮ ದೂರದಲ್ಲಿ, ಒಬ್ಬಳೇ, ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಹೇಳದೆ ಆ ಮಣ್ಣು ಹಾಕುವುದು ಅವನಿಂದ ಆಗಲಿಲ್ಲ.

“ಹುಲೆಪ್ಪನ ಕಣ್ಣು ಛಲೋ ಇದ್ದವು,” ಎಂದ.

ಸರಿಯಾಗಿ ಕೇಳದವರು ಏನಂದರು, ಏನಂದರು ಎಂದು ಹತ್ತಿರ ಬಂದರು. ಕರೆವ್ವ ಅಳು ನಿಲ್ಲಿಸಿದಳು.

“ಅವನ ಕಣ್ಣಿಗೆ ಏನೂ ಆಗಿರಲಿಲ್ಲ. ಗಾಜು ತೊಳಿಯೂ ನೀರಿಗೆ ನಮ್ಮ ಮನ್ಯಾಗ ಲವಂಗ ಹಾಕತಿದ್ದಿವಿ. ಅದು ಹೋಗಿ ತೂತು ಮುಚ್ಚತಿತ್ತು. ಅಂವ ದಿನಾ ಅದನ್ನ ತಗೀತಿದ್ದಾ, ನಮಗ ಹೇಳಲಿಲ್ಲ. ಆವತ್ತೊಂದ ದಿನಾ ತಡೀರಿ ಅಂದಾ, ನಾ ತಡೀಲಿಲ್ಲ. ತಪ್ಪು ನಮ್ಮ ಮನೀದು. ಅದನ್ನ ತಿಳೀದ, ಓಣ್ಯಾಗ ಎಲ್ಲಾರ ಮುಂದ, ನಾ ಅವನ ಗಲ್ಲಕ್ಕ ಹೊಡದೆ. ಹೊಡದು ಹೊರಗ ಹಾಕಿದೆ.”

ಹೇಳಿ ಮುಗಿದ ಮೇಲೆ ಅವನ ಎದೆ ಒಂದು ಗಳಿಗೆ ಹಗುರಾಯಿತು. ತಲೆ ಎತ್ತಿ ನೋಡಿದ. ಯಾರೂ ಅವನನ್ನು ನೋಡುತ್ತಿರಲಿಲ್ಲ. ದಶರಥನ ಮುಖದ ಬಣ್ಣ ಇಳಿದಿತ್ತು. ಕೈಯಲ್ಲಿದ್ದ ಅರಿವೆಯನ್ನು ಅವನು ಹಿಂಡುತ್ತಿದ್ದ.

“ಹೊಡಿಸಿಕೊಂಡು ಬಂದಿದ್ದನಂತ,” ಎಂದಿತು ಹಿಂದಿನಿಂದ ಒಂದು ದನಿ, ಮೆಲ್ಲಗೆ.

“ನಾಚಿಗಿಯಾಗಿ ಬಿಟ್ಟೆ ಅಂತಿದ್ದ,” ಎಂದಿತು ಇನ್ನೊಂದು.

ಆಗ ನೇಮಿನಾಥನಿಗೆ ತಿಳಿಯಿತು. ಹುಲೆಪ್ಪ ಕಣ್ಣು ಹೋಗಿದೆ ಎಂದದ್ದು ಅಕ್ಕಮ್ಮನ ಲವಂಗವನ್ನು ಮುಚ್ಚಲಿಕ್ಕಲ್ಲ. ಆ ಏಟನ್ನು ಮುಚ್ಚಲಿಕ್ಕೆ. ಕುರುಡ ಎನ್ನಿಸಿಕೊಂಡಿದ್ದ, ಬಂದ ಕೆಲಸ ಬಿಟ್ಟಿದ್ದ, ಹರಗೋಲಿಗೆ ಹುಟ್ಟು ಹಾಕಿದ್ದ. ಬನಹಟ್ಟಿಯ ಓಣಿಯಲ್ಲಿ ಆದದ್ದು ತನ್ನ ಊರಿಗೆ, ತನ್ನ ಮನೆಗೆ ಬರದಂತೆ ಕಾದಿದ್ದ. ಇನ್ನು ನಾಲ್ಕು ಸಲಿಕೆ ಮಣ್ಣು ಬಿದ್ದಿದ್ದರೆ ಅದು ಅವನೊಂದಿಗೇ ಹೋಗುತ್ತಿತ್ತು.

“ಹೊಡದ್ರಿ?” ಎಂದಳು ತಾಯವ್ವ.

ಸಿಟ್ಟಿನ ದನಿಯಲ್ಲ. ಮನೆಯಲ್ಲಿ ಒಡೆದ ಪಾತ್ರೆಯನ್ನು ಆಮೇಲೆ ಕಂಡವರು ಕೇಳುವ ಹಾಗೆ ಕೇಳಿದಳು.

ನೇಮಿನಾಥ ಹೌದೆಂದು ತಲೆಯಾಡಿಸಿದ.

“ಯಾವ ಗಲ್ಲಕ್ಕ?”

ನೇಮಿನಾಥನ ಮಣ್ಣು ಹಿಡಿದ ಬಲಗೈ ತಾನಾಗಿ ಎದ್ದು ಅವನ ಎಡಗೆನ್ನೆಯ ಹತ್ತಿರ ಹೋಗಿ ನಿಂತಿತು.

ತಾಯವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಭುಜ ಹಿಡಿದು ಕುಣಿಗೆ ಇಳಿದಳು. ದಶರಥ ತಡೆಯಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ. ಕುಣಿಯ ತಳದಲ್ಲಿ ನೀರು ಜಿನುಗಿತ್ತು. ಅದರಲ್ಲೇ ಕುಕ್ಕರಗಾಲಲ್ಲಿ ಕೂತು, ಗಂಡನ ಮುಖದ ಮೇಲಿನ ಬಟ್ಟೆ ಸರಿಸಿ, ಎಡಗೆನ್ನೆಯ ಮೇಲೆ ಅಂಗೈ ಇಟ್ಟಳು, ಜ್ವರ ನೋಡುವವರ ಹಾಗೆ. ಸಲಿಕೆ ಹಿಡಿದವರು ಹೊಳೆಯ ಕಡೆ ಮುಖ ತಿರುಗಿಸಿ ನಿಂತರು. ಅವಳು ಕೈ ತೆಗೆಯಲಿಲ್ಲ.